ಶಾಲಾ ಕರಾರುಗಳಲ್ಲಿ ಬರೆಯದೆ ಬಿಟ್ಟ ಹೊಣೆ

ಖಾಸಗಿ ಶಾಲೆಗಳು ಶಿಕ್ಷಕರಿಂದ ಸಹಿ ಹಾಕಿಸಿಕೊಳ್ಳುವ ಕರಾರುಗಳನ್ನು ಶಾಲಾ ಕಚೇರಿಯ ಕೆಲಸದಲ್ಲಿ ಬಹಳಷ್ಟು ಓದಿದ್ದೇನೆ. ಪಾಠ ಟಿಪ್ಪಣಿ ಬರೆಯುವುದು, ಅಂಕವಹಿ ತುಂಬುವುದು, ಕೆಲಸ ಬಿಡುವ ಮುನ್ನ ನೋಟಿಸ್ ಕೊಡುವುದು ಎಂದು ಶಿಕ್ಷಕರ ಹೊಣೆಗಳು ಅವುಗಳಲ್ಲಿ ವಿವರವಾಗಿಯೇ ಇರುತ್ತವೆ. ಆದರೆ ಶಿಕ್ಷಕರ ಸೇವೆ, ವೇತನದ ವಿವರಗಳನ್ನು ದಾಖಲಿಸುವ ಸೇವಾ ವಹಿಯನ್ನು ಯಾರು ಬರೆಯಬೇಕು, ಅದರ ಪ್ರತಿ ಶಿಕ್ಷಕರಿಗೆ ಯಾವಾಗ ಸಿಗಬೇಕು, ಕೆಲಸ ಬಿಟ್ಟವರಿಗೆ ಅನುಭವ ಪತ್ರ ಎಷ್ಟು ದಿನದೊಳಗೆ ಕೊಡಬೇಕು ಎಂಬ ಬಗ್ಗೆ ಒಂದು ಸಾಲೂ ಇರುವುದು ಅಪರೂಪ. ದಾಖಲೆ ಇಡುವುದು ಆಡಳಿತ ಮಂಡಳಿಯ ಹೊಣೆ. ಅದು ಕರಾರಿನಲ್ಲಿಯೇ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟಿನ, ವಿಷಯದಲ್ಲಿ ಇದರ ನಷ್ಟ ಸ್ಪಷ್ಟವಾಗಿ ಕಾಣುತ್ತದೆ. ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಅವರನ್ನು ಒಳಗೆ ತಂದಿತು, ಅದನ್ನು 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಕ್ಕೇನೋ ಸಿಕ್ಕಿತು, ಆದರೆ ಲೆಕ್ಕ ನಿಲ್ಲುವುದು ಸೇವಾವಧಿಯ ಮೇಲೆ. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಮೊತ್ತ ಬರುತ್ತದೆ. ಕೊನೆಯ ವೇತನ 26,000 ರೂಪಾಯಿ ಇದ್ದವರಿಗೆ ವರ್ಷಕ್ಕೆ 15,000 ರೂಪಾಯಿ. ಹದಿನಾಲ್ಕು ವರ್ಷ ದುಡಿದವರ ಕೈಯಲ್ಲಿ ಒಂಬತ್ತು ವರ್ಷಕ್ಕೆ ಮಾತ್ರ ಕಾಗದವಿದ್ದರೆ, ಉಳಿದ 75,000 ರೂಪಾಯಿಗಾಗಿ ಅವರು ಹೋರಾಡಬೇಕಾಗುತ್ತದೆ.

ಒಂದು ಶಾಲೆಯ ಸೇವಾ ವಹಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಲವು ವರ್ಷಗಳ ವೇತನ ಬಡ್ತಿಯ ನಮೂದುಗಳೆಲ್ಲ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿದ್ದವು. ಆ ಶಾಲೆಗೆ ಇನ್ನೂ ಬಂದೇ ಇರದ ಮುಖ್ಯೋಪಾಧ್ಯಾಯರ ಸಹಿ ಹಳೆಯ ವರ್ಷಗಳ ಎದುರಿಗೂ ಇತ್ತು. ತಪಾಸಣೆ ಬರುತ್ತದೆಂದು ಒಂದೇ ಕೂತಿನಲ್ಲಿ ತುಂಬಿದ ಇಂಥ ವಹಿ ವಿವಾದ ಎದ್ದಾಗ ಶಿಕ್ಷಕರಿಗೂ ಆಧಾರವಾಗದು, ಆಡಳಿತ ಮಂಡಳಿಗೂ ಆಗದು. ಮಾರ್ಚ್ ಕೊನೆಗೆ ಬಿಡುಗಡೆ ಮಾಡಿ ಜೂನ್‌ನಲ್ಲಿ ಹೊಸ ನೇಮಕಾತಿ ಪತ್ರ ಕೊಡುವ ಪದ್ಧತಿಯಿದ್ದಲ್ಲಿ ಪ್ರತಿವರ್ಷದ ಪತ್ರವನ್ನೂ ಶಿಕ್ಷಕರು ಕಾಪಾಡಿಕೊಳ್ಳಲೇಬೇಕು, ಏಕೆಂದರೆ ನಡುವಿನ ಒಂದು ಪತ್ರ ಕಳೆದುಹೋದರೂ ಸೇವೆ ಅಲ್ಲಿಗೆ ತುಂಡಾಯಿತೆಂದು ವಾದಿಸಲು ಎಡೆ ಸಿಗುತ್ತದೆ.

ಭವಿಷ್ಯನಿಧಿಯಲ್ಲಿ ತೊಂದರೆ ಹೆಚ್ಚಾಗಿ ಹೆಸರಿನಿಂದ ಶುರುವಾಗುತ್ತದೆ. ನಮ್ಮಲ್ಲಿ ಇನಿಷಿಯಲ್ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ, ಶಾಲೆಯ ದಾಖಲೆಯಲ್ಲಿ ಬಿಡಿಸಿ ಬರೆದ ರೂಪದಲ್ಲಿ ಇರುವುದುಂಟು. ಸೇರಿದ ವಾರದಲ್ಲೇ ಇವನ್ನು ತಾಳೆ ನೋಡಿದರೆ ಮುಗಿಯುವ ಕೆಲಸ, ಹಣ ಬೇಕಾದ ಹೊತ್ತಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ.

ಮೂಲ ಅಂಕಪಟ್ಟಿಗಳನ್ನು ಶಾಲೆಯಲ್ಲೇ ಇಟ್ಟುಕೊಳ್ಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮೂಲ ಪ್ರತಿಯನ್ನು ಪರಿಶೀಲಿಸಿ, ಜೆರಾಕ್ಸ್ ಇಟ್ಟುಕೊಂಡು, ಅಂದೇ ಹಿಂದಿರುಗಿಸಬೇಕು. ಅನಿವಾರ್ಯವಾಗಿ ಕೊಡಬೇಕಾಗಿ ಬಂದರೆ ಯಾವ ದಾಖಲೆ, ಯಾವ ನೋಂದಣಿ ಸಂಖ್ಯೆ, ಯಾರ ವಶಕ್ಕೆ ಎಂಬ ಸ್ವೀಕೃತಿಯನ್ನು ಮೊಹರಿನೊಂದಿಗೆ ಪಡೆಯಬೇಕು.

ಕರಾರಿಗೆ ಸಹಿ ಹಾಕುವವರು ಎರಡು ಷರತ್ತುಗಳನ್ನಾದರೂ ಸೇರಿಸಲು ಕೇಳಿ: ಸಹಿಯಾದ ಕರಾರಿನ ಒಂದು ಪ್ರತಿ ಅಂದೇ ಕೈಗೆ ಸಿಗಬೇಕು, ವರ್ಷಕ್ಕೊಮ್ಮೆ ಸೇವಾ ವಹಿಯನ್ನು ಓದಿ ಸಹಿ ಮಾಡುವ ಅವಕಾಶವಿರಬೇಕು. ಕೇಳುವುದನ್ನು ಬಾಯಿಮಾತಿನಲ್ಲಿ ಬಿಡದೆ ಅರ್ಜಿ ಬರೆದು, ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ (ಕಚೇರಿಗೆ ಬಂದ ಪತ್ರಗಳಿಗೆ ಕೊಡುವ ಕ್ರಮಸಂಖ್ಯೆ) ಮತ್ತು ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಕಚೇರಿ ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಶಾಲೆಯಿಂದ ಬಂದ ಪತ್ರಗಳ ಲಕೋಟೆಯನ್ನೂ ಎಸೆಯಬೇಡಿ, ಪತ್ರ ಯಾವಾಗ ಬಂತೆಂಬುದಕ್ಕೆ ಅದರ ಮೇಲಿನ ಅಂಚೆ ಮೊಹರು ಆಧಾರವಾಗುತ್ತದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಅನ್ವಯವಾಗುವ ಶಾಲೆಗಳಲ್ಲಿ ವಜಾ ಆದೇಶದ ವಿರುದ್ಧ 94ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಲು ಮೂರು ತಿಂಗಳ ಕಾಲಾವಕಾಶವಿದ್ದು, ಆ ಅವಧಿಯನ್ನು ಎಣಿಸುವುದು ಆದೇಶ ನಿಮಗೆ ತಲುಪಿದ ದಿನದಿಂದ.