ಬೋಟಿನ ಮೇಲಿನ ಐಸು

ಅಲಾಸ್ಕಾದ ಬೇರಿಂಗ್ ಸಮುದ್ರದಲ್ಲಿ ಏಡಿ ಹಿಡಿಯುವ ಬೋಟಿನ ಕ್ಯಾಪ್ಟನ್‌ಗೆ ಅಲೆಯ ಕಾಟ ಸಾಲದು ಅಂತ ಐಸಿನ ಕಾಟ ಬೇರೆ. ಚಳಿಗಾಲದಲ್ಲಿ ಸಿಡಿದ ನೀರು ಏಡಿ ಹಿಡಿಯುವ ಕಬ್ಬಿಣದ ಬೋನುಗಳ ಮೇಲೆ ಅಲ್ಲೇ ಹೆಪ್ಪುಗಟ್ಟುತ್ತದೆ. ಖಾಲಿ ಬೋನೇ ಸುಮಾರು 300 ಕಿಲೋ. ಮೇಲೆ ಭಾರ ಜಾಸ್ತಿಯಾದರೆ ಬೋಟು ಮಗುಚಬಹುದು. ಹಾಗಾಗಿ ಆಗಷ್ಟೇ ಮಲಗಿದ ಹುಡುಗರನ್ನು ಎಬ್ಬಿಸಿ, ಸುತ್ತಿಗೆ ಕೊಟ್ಟು ಒಡೆಸಬೇಕು. ಹಾಗೆ ಎಬ್ಬಿಸೋದು ನನ್ನಿಂದಂತೂ ಆಗಲ್ಲಪ್ಪ.

ಇಷ್ಟು ಪಾಡುಪಟ್ಟು ಎತ್ತಿದ ಬೋನಿನಲ್ಲಿ ಹೆಣ್ಣೇಡಿ, ಸಣ್ಣೇಡಿ ಇದ್ದರೆ ವಾಪಸ್ ನೀರಿಗೆ. ದೊಡ್ಡ ಗಂಡು ಮಾತ್ರ ಇಟ್ಟುಕೊಳ್ಳಬಹುದು. ಅದೂ ದಡ ಸೇರುವವರೆಗೆ ಜೀವಂತ ಇರಬೇಕು.

2022ರಲ್ಲಿ ಏಡಿಗಳ ಸಂಖ್ಯೆ ಕುಸಿದು ಅಲ್ಲಿ ಸ್ನೋ ಕ್ರ್ಯಾಬ್ ಅನ್ನೋ ಜಾತಿಯ ಏಡಿ ಹಿಡಿಯುವ ಹಂಗಾಮೇ ರದ್ದಾಯಿತು. ಬೋಟಿಗೆ ಸಾಲ ಮಾಡಿದವರು ಆ ವರ್ಷ ಕಂತು ಹೇಗೆ ಕಟ್ಟಿದರೋ!