ಕಲಬುರಗಿಯಿಂದ ಬೀದರಿಗೆ ಸೈಕಲ್ ಮೇಲೆ: ಶಾಕ್ ಯಾವಾಗ ಲಾಕ್ ಮಾಡಬೇಕು, ಯಾವಾಗ ಬಿಡಬೇಕು

"ಸೈಕಲ್ಲಿಗೂ ಶಾಕಪ್ ಇರ್ತಾವೇನ್ರಿ?"

ಕಪನೂರು ಹತ್ತಿರದ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ಕೇಳಿದರು. ಕೇಳುತ್ತಲೇ ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಒತ್ತಿ ನೋಡಿದರು. ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಶಾಕ್ ಇರುವ ಎರಡು ಕಾಲು, ಜಪ್ಪಯ್ಯ ಅನ್ನಲಿಲ್ಲ. "ಕಟಗಿ ಹಂಗ ಅದಲ್ರಿ ಇದು!" ಅಂದರು. ಶಾಕ್ ಇಳಿಯದಂತೆ ಲಾಕ್ ಮಾಡಿದ್ದೇನೆ ಅಂದೆ. "ಲಾಕ್ ಮಾಡೂದಿದ್ರ ಹಾಕಿಸ್ಕೊಂಡಿದ್ದ್ಯಾಕ?"

ಪ್ರಶ್ನೆ ಸರಿಯಾಗೇ ಇತ್ತು. ಪೂರ್ತಿ ಉತ್ತರ ನನಗೆ ಸಿಕ್ಕಿದ್ದು ಅದೇ ದಿನ ಮಧ್ಯಾಹ್ನ, ಸ್ವಲ್ಪ ನೋವಿನ ಜೊತೆ.

ಹೋಗಿದ್ದು ನಾನು ಮತ್ತು ನನ್ನ ಅಕ್ಕನ ಮಗ. ಅವನಿಗೆ ಹತ್ತೊಂಬತ್ತು, ನನಗೆ ನಲವತ್ತು ದಾಟಿದೆ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ಬೀದರ್. ಸುಮಾರು 115 ಕಿಲೋಮೀಟರ್. ಮೊದಲ ದಿನ ಹುಮನಾಬಾದಿನಲ್ಲಿ ವಸ್ತಿ, ಎರಡನೇ ದಿನ ಬೀದರ್, ಮೂರನೇ ದಿನ ಬೀದರ್ ಸುತ್ತಮುತ್ತ. ಬಹಮನಿ ಸುಲ್ತಾನ ಅಹ್ಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನೇ ಕಲಬುರಗಿಯಿಂದ ಬೀದರಿಗೆ ಎತ್ತಿಕೊಂಡು ಹೋದ. ನಮ್ಮದು ಎರಡು ಜೊತೆ ಬಟ್ಟೆ, ಒಂದು ಪಂಪು, ಒಂದು ಡಬ್ಬಿ ಶೇಂಗಾ ಹಿಂಡಿ. ಆದರೂ ಏದುಸಿರು ಬಂತು.

ಏದುಸಿರು ಯಾಕೆ ಅಂದರೆ ಇದು ಒಟ್ಟಾರೆ ಏರುದಾರಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಬೀದರ್ ಸುಮಾರು 700. ಬಸ್ಸಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಕಮಲಾಪುರದವರೆಗೆ ಸುಮ್ನೆ ಹೋಗಬಹುದು, ಕೆಂಪು ಬಾಳೆಹಣ್ಣು ತಿಂದು ನೀರು ಕುಡಿಯಬಹುದು. ಆಮೇಲೆ ಗುಡ್ಡ ಶುರು. ಬೀದರ್ ರೈಲು ಹಳಿ ಹಾಕುವಾಗ ಮರಗುತ್ತಿ ಹತ್ತಿರ ಗುಡ್ಡದೊಳಗೆ ಸುರಂಗವನ್ನೇ ಕೊರೆದಿದ್ದಾರೆ. ಸೈಕಲ್ಲಿನವರಿಗೆ ಆ ಸೌಲಭ್ಯ ಇಲ್ಲ.

ಲಾಕ್ ಕೆಲಸಕ್ಕೆ ಬರುವುದು ಇಲ್ಲೇ. ಡಾಂಬರು ಏರಿನಲ್ಲಿ ಎದ್ದು ನಿಂತು ಪೆಡಲ್ ಹೊಡೆದರೆ ಮೈಭಾರ ಮುಂದಕ್ಕೆ ಬೀಳುತ್ತದೆ. ಲಾಕ್ ಇಲ್ಲದ ಫೋರ್ಕ್ ಪ್ರತಿ ತುಳಿತಕ್ಕೂ ಕೆಳಗೆ ಮೇಲೆ ಆಡುತ್ತದೆ. ಚಕ್ರಕ್ಕೆ ಹೋಗಬೇಕಾದ ಬಲದಲ್ಲಿ ಒಂದು ಪಾಲು ಸ್ಪ್ರಿಂಗ್ ಒತ್ತುವುದಕ್ಕೆ ಹೋಗುತ್ತದೆ. ಫೋರ್ಕಿನ ಬಲಗಾಲಿನ ನೆತ್ತಿ ಮೇಲೆ ಸಾಮಾನ್ಯವಾಗಿ ಒಂದು ನಾಬ್ ಇರುತ್ತದೆ, ಹೆಚ್ಚಾಗಿ ನೀಲಿ ಬಣ್ಣದ್ದು. ಅದನ್ನು ತಿರುಗಿಸಿದರೆ ಒಳಗೆ ಎಣ್ಣೆ ಹರಿಯುವ ದಾರಿ ಮುಚ್ಚುತ್ತದೆ. ಎಣ್ಣೆ ಹರಿಯದಿದ್ದರೆ ಫೋರ್ಕ್ ಇಳಿಯುವುದಿಲ್ಲ, ಅಷ್ಟೇ. ಒಳ್ಳೆ ಫೋರ್ಕುಗಳಲ್ಲಿ ಲಾಕ್ ಇದ್ದಾಗಲೂ ದೊಡ್ಡ ಪೆಟ್ಟು ಬಿದ್ದರೆ ಒಂದು ವಾಲ್ವ್ ತೆರೆದುಕೊಂಡು ಎಣ್ಣೆಗೆ ದಾರಿ ಬಿಡುತ್ತದೆ. ಕಮ್ಮಿ ಬೆಲೆಯ ಫೋರ್ಕುಗಳಲ್ಲಿ ಆ ವಾಲ್ವ್ ಇರುವುದಿಲ್ಲ. ಕೆಲವದರಲ್ಲಂತೂ ಎಣ್ಣೆಯೇ ಇಲ್ಲ, ಲಾಕ್ ಅಂದರೆ ಒಳಗೊಂದು ಅಡ್ಡಕೊಕ್ಕೆ. ಈ ವ್ಯತ್ಯಾಸ ನೆನಪಿಡಿ. ನಮ್ಮ ಕಥೆ ಇರುವುದೇ ಅದರಲ್ಲಿ.

ನಾವು ಹೋದ ದಿನ ಎಳ್ಳ ಅಮಾವಾಸ್ಯೆ. ಈ ಭಾಗದವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಒಂದು ಮಾತು: ಅವತ್ತು ಊರು ಖಾಲಿ, ಹೊಲ ತುಂಬಿರುತ್ತದೆ. ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಹೊಲದಲ್ಲೇ ಕೂತು ಉಣ್ಣುತ್ತಾರೆ. ದಾರಿಹೋಕರನ್ನೂ ಕರೆಯುತ್ತಾರೆ. ಗುಡ್ಡ ಹತ್ತಿ ಸುಸ್ತಾಗಿ ನಿಂತಿದ್ದೆವು. ತೊಗರಿ ಹೊಲದ ಆಚೆಯಿಂದ ಒಬ್ಬ ಅವ್ವ ಕೈ ಬೀಸಿ ಕೂಗಿದರು: "ಬರ್ರೆಪ್ಪಾ, ಉಂಡು ಹೋಗ್ರಿ!" ಭಜ್ಜಿ (ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಪಲ್ಯ), ಸಜ್ಜಿ ರೊಟ್ಟಿ ಅಂದರೆ ನನ್ನ ಅಳಿಯನಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ಡಾಂಬರಿನಿಂದ ಬಂಡಿ ದಾರಿಗೆ ಸೈಕಲ್ ಇಳಿಸಿಯೇಬಿಟ್ಟ. ಹಿಂದೆ ನಾನು.

ಇಬ್ಬರ ಫೋರ್ಕೂ ಲಾಕ್ ಆಗಿತ್ತು. ಇಬ್ಬರಿಗೂ ನೆನಪಿರಲಿಲ್ಲ.

ಎರೆಮಣ್ಣಿನ ಬಂಡಿ ದಾರಿ ಹೇಗಿರುತ್ತದೆ ಗೊತ್ತಲ್ವಾ? ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಬಿದ್ದ ಜಾಡು ಡಿಸೆಂಬರಿಗೆ ಒಣಗಿ ಕಲ್ಲಾಗಿರುತ್ತದೆ. ನಡುವೆ ಬಿರುಕು. ಮೇಲೆ ಹೆಂಟೆ. ಇಳಿಜಾರಿನ ಕೊನೆಗೆ ನೀರು ಹಾಯಲು ಕಡಿದ ಒಂದು ಗಟಾರ ಇತ್ತು, ಗೇಣುದ್ದ ಆಳ. ಅಳಿಯನ ಮುಂದಿನ ಚಕ್ರ ಅದರಲ್ಲಿ ಬಿದ್ದು 'ಕಟ್' ಅಂತ ಸದ್ದಾಯಿತು. ನೀರಿನ ಬಾಟಲಿ ಹಾರಿ ತೊಗರಿ ಸಾಲಿನಲ್ಲಿ ಬಿತ್ತು. ನನ್ನದು ಅದೇ ಗಟಾರಕ್ಕೆ ಬಿದ್ದಾಗ 'ಟಪ್' ಅಂದು ಸ್ವಲ್ಪ ಒಳಗಿಳಿದು ಮೇಲೆ ಬಂತು. ವಾಲ್ವ್ ತೆರೆದಿತ್ತು. ಆದರೂ ಮಣಿಕಟ್ಟಿನಿಂದ ಮೊಣಕೈವರೆಗೆ ಜುಮ್ಮೆಂದಿತು. ಅವನ ಲಾಕ್ ನಾಬ್ ಅವತ್ತಿನಿಂದ ಖಾಲಿ ತಿರುಗುತ್ತದೆ. ಒಳಗಿನ ಪ್ಲಾಸ್ಟಿಕ್ ತುಂಡು ಮುರಿದಿತ್ತು.

"ಮಾಮಾ, ನೀವ್ ಹೇಳಬಾರದಿತ್ತೇನು?" ಅಂದ. ಹೇಳಬೇಕಿತ್ತು, ನಿಜ. ಬಾಯಲ್ಲಿ ಆಗಲೇ ನೀರೂರಿತ್ತು.

ಭಜ್ಜಿ ಮಾತ್ರ ಬಹಳ ಚೆನ್ನಾಗಿತ್ತು. ಮೂರು ಸಲ ಹಾಕಿಸಿಕೊಂಡೆ.

ಆ ದಿನದಿಂದ ಒಂದು ಉಪಾಯ ಮಾಡಿಕೊಂಡಿದ್ದೇನೆ. ಲಾಕ್ ಹಾಕಿದ ಕೂಡಲೇ ಕೈಗೆ ಹಾಕಿಕೊಂಡ ರಬ್ಬರ್ ಬ್ಯಾಂಡ್ ತೆಗೆದು ಮುಂದಿನ ಬ್ರೇಕ್ ಲಿವರಿಗೆ ಸುತ್ತುತ್ತೇನೆ. ಬ್ರೇಕ್ ಹಿಡಿದಾಗಲೆಲ್ಲ ಬೆರಳಿಗೆ ತಾಗುತ್ತದೆ. ಡಾಂಬರು ಬಿಡುವಾಗ ಬ್ರೇಕ್ ಹಿಡಿಯಲೇಬೇಕು, ಆಗ ನೆನಪಾಗುತ್ತದೆ. ಹ್ಯಾಂಡಲ್ ಮೇಲೆ ರಿಮೋಟ್ ಲಿವರ್ ಇರುವ ಫೋರ್ಕ್ ಇದ್ದವರಿಗೆ ಇದೆಲ್ಲ ಬೇಡ, ಕಣ್ಣೆದುರೇ ಕಾಣುತ್ತದೆ.

ಹುಮನಾಬಾದ್ ಮುಟ್ಟುವಷ್ಟರಲ್ಲಿ ಇನ್ನೊಂದು ತಪ್ಪು ಗೊತ್ತಾಯಿತು. ಲಾಕ್ ತೆಗೆದ ಮೇಲೆ ನನ್ನ ಫೋರ್ಕ್ ಯಾಕೋ ತುಂಬಾ ಕುಸಿದಂತೆ ಅನ್ನಿಸುತ್ತಿತ್ತು. ರಾತ್ರಿ ವಸ್ತಿ ಮಾಡಿದ ಕೋಣೆಯ ಮುಂದೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸ್ಯಾಗ್ ಅಳೆದೆವು. ಸವಾರ ಮೇಲೆ ಕೂತಾಗ ಅವನ ಭಾರಕ್ಕೆ ಫೋರ್ಕ್ ತಾನಾಗಿ ಎಷ್ಟು ಇಳಿಯುತ್ತದೆ ಅನ್ನುವುದೇ ಸ್ಯಾಗ್. ಫೋರ್ಕ್ ಒಟ್ಟು 100 ಮಿಲಿಮೀಟರ್ ಇಳಿಯುವಂಥದ್ದಾದರೆ 20ರಿಂದ 25 ಮಿಲಿಮೀಟರ್ ಸ್ಯಾಗ್ ಸರಿ. ಹೊರಡುವ ಹಿಂದಿನ ದಿನ ಮನೆಯಲ್ಲಿ ಅಳೆದಾಗ 22 ಇತ್ತು. ಹುಮನಾಬಾದಿನಲ್ಲಿ 31! ಕಾರಣ ಸರಳ: ಮನೆಯಲ್ಲಿ ಲುಂಗಿ ಬನಿಯನ್ ಮೇಲೆ ಅಳೆದಿದ್ದೆ. ದಾರಿಯಲ್ಲಿ ಬೆನ್ನಿಗೆ ಚೀಲ, ಎರಡು ಲೀಟರ್ ನೀರು, ಹ್ಯಾಂಡಲ್ಲಿಗೆ ಇನ್ನೊಂದು ಚೀಲ.

ಅಳೆಯುವ ರೀತಿ ಹೇಳುತ್ತೇನೆ, ಇದಕ್ಕೆ ಇಬ್ಬರು ಬೇಕು. ಮೊದಲು ಲಾಕ್ ತೆಗೆಯಿರಿ. ಪ್ರಯಾಣದಲ್ಲಿ ಏನೇನು ಹೊರುತ್ತೀರೋ ಎಲ್ಲ ಹೊತ್ತುಕೊಳ್ಳಿ, ಹೆಲ್ಮೆಟ್ ಕೂಡ. ಫೋರ್ಕಿನ ಮೇಲಿನ ಹೊಳೆಯುವ ಕೊಳವೆಯ ಮೇಲೆ ಒಂದು ರಬ್ಬರ್ ರಿಂಗ್ ಇರುತ್ತದೆ. ಇಲ್ಲದಿದ್ದರೆ ಒಂದು ಜಿಪ್ ಟೈ ಸಡಿಲವಾಗಿ ಕಟ್ಟಿ. ಗೋಡೆ ಹಿಡಿದು ಎರಡೂ ಪೆಡಲ್ ಮೇಲೆ ನಿಂತು, ಕೈ ಕಾಲು ಸ್ವಲ್ಪ ಬಾಗಿಸಿ, ಎರಡು ಮೂರು ಸಲ ಕುಪ್ಪಳಿಸಿ, ಆಮೇಲೆ ಅಲುಗಾಡದೆ ಇರಿ. ಜೊತೆಗಾರ ಆ ರಿಂಗನ್ನು ಕೆಳಗಿನ ರಬ್ಬರ್ ಸೀಲಿಗೆ ತಾಗುವಂತೆ ತಳ್ಳಲಿ. ಈಗ ಮೆಲ್ಲಗೆ ಇಳಿಯಿರಿ. ಬ್ರೇಕ್ ಹಿಡಿಯಬೇಡಿ, ಜಂಪ್ ಮಾಡಬೇಡಿ. ಸೀಲಿನಿಂದ ರಿಂಗಿನವರೆಗಿನ ಅಂತರವೇ ಸ್ಯಾಗ್. ಸ್ಕೇಲ್ ಮರೆತಿದ್ದೆವು, ಅಳಿಯ ಪಕ್ಕದ ಅಂಗಡಿಯಿಂದ ಹತ್ತು ರೂಪಾಯಿಯ ಪ್ಲಾಸ್ಟಿಕ್ ಪಟ್ಟಿ ತಂದ.

ನನ್ನದು ಗಾಳಿ ಫೋರ್ಕ್, ಒಳಗೆ ಸ್ಪ್ರಿಂಗ್ ಬದಲು ಗಾಳಿ ಇರುತ್ತದೆ. ಎಡಗಾಲಿನ ನೆತ್ತಿಯ ಮುಚ್ಚಳ ತೆಗೆದು, ಶಾಕ್ ಪಂಪ್ ಹಚ್ಚಿ, 80 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇದ್ದದ್ದನ್ನು 92ಕ್ಕೆ ಏರಿಸಿದ ಮೇಲೆ ಸ್ಯಾಗ್ 23ಕ್ಕೆ ಬಂತು. ನಿಮ್ಮ ಅಂಕಿ ಬೇರೆಯೇ ಇರುತ್ತದೆ, ನನ್ನದನ್ನು ನಕಲು ಮಾಡಬೇಡಿ. ಪಂಪ್ ಹಚ್ಚಿದಾಗ ಮುಳ್ಳು ಸ್ವಲ್ಪ ಕಮ್ಮಿ ತೋರಿಸಿದರೆ ಗಾಬರಿ ಬೇಡ, ಫೋರ್ಕಿನ ಗಾಳಿ ಸ್ವಲ್ಪ ಪೈಪಿಗೆ ಬರುತ್ತದೆ. ತೆಗೆಯುವಾಗ 'ಫುಸ್' ಅನ್ನುವುದು ಪೈಪಿನ ಗಾಳಿ, ಫೋರ್ಕಿನದ್ದಲ್ಲ. ಇದು ಗೊತ್ತಿಲ್ಲದೆ ಮೊದಮೊದಲು ನಾನು ಆ ಸದ್ದು ಕೇಳಿ ಮತ್ತೆ ಮತ್ತೆ ಪಂಪ್ ಹೊಡೆಯುತ್ತಿದ್ದೆ.

ಪಂಚರ್ ಅಂಗಡಿಯ ಕಂಪ್ರೆಸರಿನಿಂದ ಮಾತ್ರ ಫೋರ್ಕಿಗೆ ಗಾಳಿ ಹಿಡಿಸಬೇಡಿ. ಫೋರ್ಕಿನ ಗಾಳಿಕೋಣೆ ಬಹಳ ಚಿಕ್ಕದು. ಟೈರಿಗೆ ಹಿಡಿಯುವ ಹಾಗೆ ಒಂದು ಸಲ ಹಿಡಿದರೆ ಸಾಕು, ಅಂಕೆ ಮೀರುತ್ತದೆ. ಟೈರಿನ ಪಂಪೂ ಇದಕ್ಕೆ ಆಗುವುದಿಲ್ಲ. ಶಾಕ್ ಪಂಪೇ ಬೇಕು, ಗೇಣುದ್ದ ಇರುತ್ತದೆ, ಚೀಲದಲ್ಲಿ ಹಾಕಿಕೊಳ್ಳಿ. ಬೀದರಿನ ಚಳಿಗಾಲದ ಬೆಳಗ್ಗೆ 15 ಡಿಗ್ರಿ ಇದ್ದರೆ ಮಧ್ಯಾಹ್ನ 30 ಮುಟ್ಟುತ್ತದೆ. ಅಷ್ಟಕ್ಕೇ ಫೋರ್ಕಿನ ಒತ್ತಡ ಐದಾರು ಪಿಎಸ್‌ಐ ಏರುತ್ತದೆ. ಹಾಗಾಗಿ ಮುಂಜಾನೆ ಅಳೆದದ್ದೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಅಳಿಯನದು ಸ್ಪ್ರಿಂಗ್ ಫೋರ್ಕ್. ಅವನ ತೂಕ 55 ಕಿಲೋ, ಸ್ಯಾಗ್ ಬರೀ ಏಳು ಮಿಲಿಮೀಟರ್. ಕೊಂಡ ಅಂಗಡಿಯಲ್ಲಿ ಎಡಗಡೆಯ ಪ್ರಿಲೋಡ್ ನಾಬನ್ನು, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ತಿರುಪನ್ನು, ಪೂರ್ತಿ ಬಿಗಿದು ಕೊಟ್ಟಿದ್ದರು. ಅದನ್ನು ಪೂರ್ತಿ ಬಿಚ್ಚಿದ ಮೇಲೆ 14 ಆಯಿತು, ಅದಕ್ಕಿಂತ ಮುಂದೆ ಹೋಗಲಿಲ್ಲ. ಪ್ರಿಲೋಡ್ ತಿರುಗಿಸಿದರೆ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ, ಅದು ಶುರುವಾಗುವ ಜಾಗ ಮಾತ್ರ ಬದಲಾಗುತ್ತದೆ. ತೆಳ್ಳಗಿರುವವರಿಗೆ ಗಾಳಿ ಫೋರ್ಕೇ ಒಳ್ಳೆಯದು, ದುಡ್ಡಿದ್ದರೆ.

ಹಿಂದೆಯೂ ಶಾಕ್ ಇರುವ ಸೈಕಲ್ ಆದರೆ ಅದಕ್ಕೂ ಇದೇ ಲೆಕ್ಕ, ಸ್ಯಾಗ್ ಮಾತ್ರ 25ರಿಂದ 30 ಪ್ರತಿಶತ, ಅದನ್ನು ಸೀಟಿನ ಮೇಲೆ ಕೂತು ಅಳೆಯಬೇಕು. ನಿಜ ಹೇಳಬೇಕೆಂದರೆ ಈ ದಾರಿಗೆ ಅಷ್ಟು ಬೇಡ.

ಹುಮನಾಬಾದಿನಿಂದ ಬೀದರಿಗೆ ಸುಮಾರು 50 ಕಿಲೋಮೀಟರ್. ಹಳ್ಳಿಖೇಡ ದಾರಿಯಲ್ಲಿ ಸಿಗುತ್ತದೆ. ಹೆದ್ದಾರಿ, ಕಬ್ಬಿನ ಟ್ರ್ಯಾಕ್ಟರ್, ಎದುರುಗಾಳಿ. ಹೇಳುವಂಥದ್ದು ಹೆಚ್ಚಿಲ್ಲ. ನಾನು ಲಾಕ್ ಹಾಕಿ ಹೋದೆ. ಲಾಕ್ ಇಲ್ಲದ ಅಳಿಯ ಸೀಟು ಬಿಟ್ಟು ಏಳದೆ, ಹಗುರ ಗೇರಿನಲ್ಲಿ ಒಂದೇ ಲಯದಲ್ಲಿ ತುಳಿದ. ಕೂತು ತುಳಿದರೆ ಫೋರ್ಕ್ ಅಷ್ಟು ಕುಣಿಯುವುದಿಲ್ಲ. ನನಗಿಂತ ಮುಂಚೆ ಮುಟ್ಟಿದ ಅಂತ ಬೇರೆ ಹೇಳಬೇಕಾ?

ಶಾಕ್ ಇರುವುದಕ್ಕೆ ಅರ್ಥ ಬಂದಿದ್ದು ಮೂರನೇ ದಿನ. ಕೋಟೆ ನೋಡಿ, ಅಷ್ಟೂರಿನ ಗುಮ್ಮಟಗಳ ಕಡೆ ಹೋದೆವು. ಗುಮ್ಮಟಗಳವರೆಗೆ ಡಾಂಬರು. ಅಲ್ಲಿಂದ ಹೊಲದ ಬದಿಯ ಮಣ್ಣಿನ ದಾರಿ ಹಿಡಿದರೆ ಕಲಬುರಗಿಯ ಎರೆ ಮರೆತೇಹೋಗುತ್ತದೆ. ಬೀದರಿನದು ಕೆಂಪು ಜಂಬಿಟ್ಟಿಗೆ ನೆಲ. ಅದು ಸವೆದು ಗೋಲಿಯಂಥ ಕಲ್ಲುಗಳಾಗಿ ದಾರಿ ತುಂಬ ಹರಡಿರುತ್ತದೆ. ಇಲ್ಲಿ ಲಾಕ್ ಹಾಕಿದರೆ ಚಕ್ರ ನೆಲ ಬಿಟ್ಟು ಜಾರುತ್ತದೆ. ಲಾಕ್ ತೆಗೆದರೂ ನನ್ನ ಫೋರ್ಕ್ ಮೊದಲ ಹತ್ತು ಕಲ್ಲಿಗೆ ಮೆತ್ತಗಿತ್ತು, ಆಮೇಲೆ ಗಡುಸಾಗುತ್ತಿತ್ತು. ಇದು ರಿಬೌಂಡಿನ ತೊಂದರೆ. ಬಲಗಾಲಿನ ಬುಡದಲ್ಲಿ ಕೆಂಪು ನಾಬ್ ಇರುತ್ತದಲ್ವಾ, ಅದು. ಕೆಳಗಿಳಿದ ಫೋರ್ಕ್ ಎಷ್ಟು ಬೇಗ ವಾಪಸ್ ಏಳಬೇಕು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ನಾನು ತುಂಬಾ ನಿಧಾನ ಇಟ್ಟಿದ್ದೆ. ಒಂದು ಕಲ್ಲಿನಿಂದ ಏಳುವ ಮುಂಚೆ ಇನ್ನೊಂದು ಕಲ್ಲು, ಹೀಗೆ ಪೂರ್ತಿ ಕುಸಿದು ಕೂತಿತ್ತು. ಎರಡು ಕ್ಲಿಕ್ ಬಿಟ್ಟೆ, ಇನ್ನೊಂದು ಬಿಟ್ಟೆ, ಸರಿಹೋಯಿತು. ಪರೀಕ್ಷೆ ಇಷ್ಟೇ: ಹ್ಯಾಂಡಲ್ ಜೋರಾಗಿ ಒತ್ತಿ ಥಟ್ಟನೆ ಬಿಡಿ. ಚಕ್ರ ನೆಲದಿಂದ ಹಾರಿದರೆ ವೇಗ ಜಾಸ್ತಿ. ಸೋಮಾರಿಯ ಹಾಗೆ ಎದ್ದರೆ ಕಮ್ಮಿ.

ಹೋಗುವುದಾದರೆ ನವೆಂಬರ್‌ನಿಂದ ಜನವರಿ ಒಳಗೆ ಹೋಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಫೋರ್ಕಿನ ಕಮಾನಿಗೆ, ಬ್ರೇಕಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ, ಸೈಕಲ್ಲನ್ನು ನೀವು ಹೊರಬೇಕಾಗುತ್ತದೆ. ಪ್ರತಿ ಸಂಜೆ ಫೋರ್ಕಿನ ಹೊಳೆಯುವ ಕೊಳವೆಯನ್ನು ಹಳೆ ಬನಿಯನ್ ತುಂಡಿನಿಂದ ಒರೆಸಿ. ಧೂಳು ಸೀಲಿನೊಳಗೆ ಹೋದರೆ ಕೊಳವೆಗೆ ಗೀರು ಬೀಳುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಪೈಪ್ ಅದರ ಹತ್ತಿರ ಬರುವುದೇ ಬೇಡ.

ವಾಪಸ್ ಬಂದಿದ್ದು ಪರಿಚಯದವರ ಟಾಟಾ ಏಸ್‌ನಲ್ಲಿ. ಡ್ರೈವರ್ ಹಗ್ಗವನ್ನು ಹ್ಯಾಂಡಲ್ ಮೇಲಿಂದ ಹಾಕಿ ಬಿಗಿಯಲು ಹೊರಟಿದ್ದ. ಬೇಡ ಅಂದೆ. ಹಾಗೆ ಕಟ್ಟಿದರೆ ದಾರಿಯುದ್ದಕ್ಕೂ ಫೋರ್ಕ್ ಒತ್ತಿಕೊಂಡೇ ಇರುತ್ತದೆ, ಗುಂಡಿಯಲ್ಲಿ ಅದು ಕುಸಿದಾಗ ಹಗ್ಗವೂ ಸಡಿಲಾಗುತ್ತದೆ. ಫ್ರೇಮಿಗೆ ಕಟ್ಟಿಸಿದೆ. ಮುಂದಿನ ಚಕ್ರ ಬಿಚ್ಚಿ, ಫೋರ್ಕಿನ ಎರಡು ಕಾಲುಗಳ ನಡುವೆ ಕಟ್ಟಿಗೆ ತುಂಡು ಸಿಕ್ಕಿಸಿ, ಡಿಸ್ಕ್ ಬ್ರೇಕಿನ ಪ್ಯಾಡ್ ನಡುವೆ ಮಡಚಿದ ರಟ್ಟು ಇಟ್ಟೆ. ಚಕ್ರ ಇಲ್ಲದಾಗ ಯಾರಾದರೂ ಬ್ರೇಕ್ ಒತ್ತಿದರೆ ಪ್ಯಾಡ್ ಅಂಟಿಕೊಳ್ಳುತ್ತದೆ.

ಹುಮನಾಬಾದ್ ದಾಟುವಾಗ ಅಳಿಯ ಹಿಂದೆ ಕೂತು ಬ್ರೇಕ್ ಒತ್ತಿ ನೋಡುತ್ತಲೇ ಇದ್ದ. ರಟ್ಟು ಇಟ್ಟಿದ್ದು ಒಳ್ಳೆಯದಾಯಿತು.