ಮುಖಕ್ಕಿಂತ ತೋಳು ವಾಸಿ

16 ನವೆಂಬರ್ 2025, ಭಾನುವಾರ

ಬೆಳಿಗ್ಗೆ ಮೇಲ್ ತೆಗೆದರೆ, ಹಳೆಯ ಫೋಟೋದಲ್ಲಿರುವ ಸಿಪಾಯಿ ಯಾರು ಅಂತ ಪತ್ತೆ ಮಾಡಿಕೊಡಲು ಕೇಳಿದ್ದ ಇಂಗ್ಲೆಂಡಿನ ಮಹಿಳೆಯೊಬ್ಬರ ಉತ್ತರ ಬಂದಿತ್ತು. "ಇವರೇ ನಮ್ಮ ಮುತ್ತಜ್ಜ. ಕಣ್ಣು ನೋಡಿ, ಥೇಟ್ ನಮ್ಮಣ್ಣನದೇ" ಎಂದು ಬರೆದಿದ್ದಾರೆ. ಹೋಲಿಸಿ ನೋಡಲಿ ಅಂತ ಅಣ್ಣನ ಫೋಟೋವನ್ನೂ ಕಳಿಸಿದ್ದಾರೆ.

ಅವರ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಮೊದಲ ಮಹಾಯುದ್ಧದ ಕಾಲದ ಒಂದು ಪೋಸ್ಟ್‌ಕಾರ್ಡ್ ಫೋಟೋ. ಕುರ್ಚಿಯ ಮೇಲೆ ಕೈ ಇಟ್ಟು ನಿಂತ ಸಿಪಾಯಿ, ಹಿಂದೆ ಚಿತ್ರ ಬರೆದ ಪರದೆ. ಹೆಸರಿಲ್ಲ. ಮುತ್ತಜ್ಜ ತೀರಿಕೊಂಡಿದ್ದು 1916ರ ಜುಲೈನಲ್ಲಿ, ಫ್ರಾನ್ಸಿನ ಸೋಮ್ ಕದನದಲ್ಲಿ.

ಕಣ್ಣು ಹೋಲುತ್ತದೆ, ಇಲ್ಲ ಅನ್ನಲಾರೆ. ಆದರೆ ಒಂದೇ ತರಹದ ಟೋಪಿ, ಒಂದೇ ತರಹದ ಮೀಸೆ, ಇಪ್ಪತ್ತರ ಆಸುಪಾಸಿನ ವಯಸ್ಸು. ಹಾಗಿರುವಾಗ ಯಾರು ಯಾರನ್ನು ಹೋಲುವುದಿಲ್ಲ ಹೇಳಿ? ನಾನು ಮುಖವನ್ನು ಕೊನೆಗೆ ನೋಡುತ್ತೇನೆ. ಮೊದಲು ತೋಳು.

ಈ ಸಿಪಾಯಿಯ ಬಲ ತೋಳಿನ ಕೆಳಭಾಗದಲ್ಲಿ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ತಲೆಕೆಳಗಾದ V ಆಕಾರದ, ತುದಿ ಮೇಲಕ್ಕಿರುವ ಮೂರು ಸಣ್ಣ ಪಟ್ಟಿಗಳಿವೆ. ಹೊಸಬರು ಇದನ್ನು ಸಾರ್ಜೆಂಟ್ ಪಟ್ಟಿ ಅಂದುಕೊಳ್ಳುತ್ತಾರೆ. ಸಾರ್ಜೆಂಟನ ಪಟ್ಟಿ ದೊಡ್ಡದು, ಮೇಲ್ತೋಳಿನಲ್ಲಿರುತ್ತದೆ, ತುದಿ ಕೆಳಕ್ಕಿರುತ್ತದೆ. ಇವು ಹೊರದೇಶದಲ್ಲಿ ಸೇವೆ ಮಾಡಿದ್ದಕ್ಕೆ ಕೊಟ್ಟ ಪಟ್ಟಿಗಳು. ಬ್ರಿಟಿಷ್ ಸೇನೆ ಇವನ್ನು ಹಾಕಿಕೊಳ್ಳಲು ಬಿಟ್ಟಿದ್ದು 1918ರಲ್ಲಿ. 1914ರಲ್ಲೇ ಹೋದವರಿಗೆ ಮೊದಲನೆಯದು ಕೆಂಪು, ಉಳಿದವರಿಗೆಲ್ಲ ನೀಲಿ. ಆ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದ ಬಹಳಷ್ಟು ಗಾಜಿನ ಪ್ಲೇಟುಗಳಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲ. ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬರುತ್ತಿತ್ತು. ಇಲ್ಲಿ ಮೂರೂ ತಿಳಿಬಣ್ಣದಲ್ಲೇ ಇವೆ. ಅಂದರೆ ಈತ ಯುದ್ಧಕ್ಕೆ ಹೋಗಿದ್ದು 1914 ಕಳೆದ ಮೇಲೆ ಇರಬೇಕು. ಎಡ ತೋಳಿನಲ್ಲಿ ನೆಟ್ಟಗೆ ನಿಂತ ಒಂದು ಗೆರೆಯೂ ಇದೆ. ಅದು ಗಾಯಗೊಂಡವರಿಗೆ 1916ರಿಂದ ಕೊಟ್ಟ ಗುರುತು.

1916ರಲ್ಲಿ ಸತ್ತವರು 1918ರ ಪಟ್ಟಿ ಹಾಕಿಕೊಂಡು ನಿಲ್ಲಲಾರರು. ಮುತ್ತಜ್ಜ ಅಲ್ಲ, ಅಷ್ಟಂತೂ ಖಚಿತ.

ಇದನ್ನು ಹೇಗೆ ಬರೆಯೋದು ಅಂತ ಮಧ್ಯಾಹ್ನದವರೆಗೂ ಮುಂದೂಡಿದೆ. ಸುಮ್ನೆ "ಇರಬಹುದು" ಅಂದುಬಿಟ್ಟರೆ ಅವರಿಗೂ ಖುಷಿ, ನನಗೂ ಕೆಲಸ ಮುಗೀತು. ಆದರೆ ಒಮ್ಮೆ ಅಂಟಿದ ಹೆಸರನ್ನು ಕೀಳುವುದು ಎಷ್ಟು ಕಷ್ಟ ಅನ್ನೋದಕ್ಕೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಐವೋ ಜಿಮಾ ದ್ವೀಪದಲ್ಲಿ ತೆಗೆದ ಫೋಟೋ ಸಾಕು. 1945ರ ಫೆಬ್ರವರಿ 23ರಂದು ಜೋ ರೋಸೆಂಥಾಲ್ ತೆಗೆದ ಚಿತ್ರ, ಆರು ಮಂದಿ ಅಮೆರಿಕನ್ ಸೈನಿಕರು ಬಾವುಟ ನಿಲ್ಲಿಸುತ್ತಿರುವುದು. ಜಗತ್ತೆಲ್ಲ ನೋಡಿದ ಫೋಟೋ. ಆದರೂ ಹೆಸರುಗಳನ್ನು ಮೂರು ಸಲ ತಿದ್ದಬೇಕಾಯಿತು: 1947ರಲ್ಲಿ, 2016ರಲ್ಲಿ, 2019ರಲ್ಲಿ. 2016ರ ತಿದ್ದುಪಡಿಗೆ ದಾರಿ ಮಾಡಿದ್ದು ಇಬ್ಬರು ಹವ್ಯಾಸಿಗಳು. ಅವರು ಹಿಡಿದದ್ದು ಮುಖವನ್ನಲ್ಲ. ಜಾನ್ ಬ್ರಾಡ್ಲಿ ಎಂದು ನಂಬಿದ್ದ ಮನುಷ್ಯನ ಪ್ಯಾಂಟಿನ ಅಂಚು ಮಡಚಿರಲಿಲ್ಲ. ಅದೇ ದಿನದ ಬೇರೆ ಫೋಟೋಗಳಲ್ಲಿ ಬ್ರಾಡ್ಲಿಯ ಪ್ಯಾಂಟು ಮಡಚಿತ್ತು. ವೈದ್ಯಕೀಯ ಸಹಾಯಕನಾಗಿದ್ದ ಬ್ರಾಡ್ಲಿಯ ಬಳಿ ಇರಬೇಕಾದ ಬೆಲ್ಟೂ ಅದಾಗಿರಲಿಲ್ಲ. ಹೆಲ್ಮೆಟ್ಟಿನಿಂದ ಜೋತಾಡುತ್ತಿದ್ದ ಒಂದು ಪಟ್ಟಿಯ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಹೆರಾಲ್ಡ್ ಶುಲ್ಟ್ಸ್. ಆತ 1995ರಲ್ಲೇ ತೀರಿಕೊಂಡಿದ್ದ. ಬದುಕಿದ್ದಾಗ ಇದರ ಬಗ್ಗೆ ಡಂಗುರ ಹೊಡೆದವನೂ ಅಲ್ಲ. ನನಗೆ ಆತನ ಮೇಲೆ ಏನೋ ಒಂದು ಪ್ರೀತಿ.

ಈಗ ಮುಖ ಗುರುತಿಸುವ ಸಾಫ್ಟ್‌ವೇರ್ ಇದೆಯಲ್ಲ, ಅದಕ್ಕೆ ಕೊಟ್ಟರೆ ಆಗಲ್ವಾ ಅಂತ ಕೇಳುವವರು ಜಾಸ್ತಿ. ಅಮೆರಿಕದ ಅಂತರ್ಯುದ್ಧದ ಫೋಟೋಗಳಿಗಾಗಿ ವರ್ಜೀನಿಯಾ ಟೆಕ್‌ನವರು 2018ರಲ್ಲಿ ಅಂಥದ್ದೊಂದನ್ನು ತಂದರು. ಒಳ್ಳೆಯ ಕೆಲಸ. ಆದರೆ ಅದು ಕೂಡ ಹೋಲುವವರ ಸಾಲನ್ನು ಮುಂದಿಡುತ್ತದೆ ಅಷ್ಟೆ. ಸಮವಸ್ತ್ರ, ದರ್ಜೆ ನೋಡಿ ಜರಡಿ ಹಿಡಿಯುವುದು, ಕೊನೆಗೆ ಇವನೇ ಎನ್ನುವುದು ಮನುಷ್ಯರ ಕೆಲಸ.

ನಮ್ಮ ಸಿಪಾಯಿಗೆ ಬರೋಣ. ಟೋಪಿಯ ಬಿಲ್ಲೆ ದೊಡ್ಡದು ಮಾಡಿ ನೋಡಿದೆ. ಅಡ್ಡಡ್ಡ ಇಟ್ಟ ಎರಡು ಮೆಷಿನ್ ಗನ್, ಮೇಲೆ ಕಿರೀಟ. ಮೆಷಿನ್ ಗನ್ ಕೋರ್. 1915ರ ಅಕ್ಟೋಬರಿನಲ್ಲಿ ಹುಟ್ಟಿದ ಪಡೆ. ಖುಷಿಯೂ ಆಯಿತು, ತಲೆಯೂ ಬಿಸಿಯಾಯಿತು. ಈ ಪಡೆಯ ಕಡತಗಳು ಬಹಳಷ್ಟು 1920ರ ಬೆಂಕಿಯಲ್ಲಿ ಹೋದವು. ಇನ್ನು ಬ್ರಿಟಿಷ್ ಸಿಪಾಯಿಗಳ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಲಂಡನ್ನಿನಲ್ಲೇ ಸುಟ್ಟುಹೋದವು. ಅದೃಷ್ಟಕ್ಕೆ ಯಾವ ಸಿಪಾಯಿಗೆ ಯಾವ ಪದಕ ಅಂತ ಬರೆದಿಟ್ಟ ಕಾರ್ಡುಗಳು ಉಳಿದಿವೆ.

ಆಮೇಲೆ ಆ ಮಹಿಳೆಯ ಹಳೆಯ ಮೇಲ್‌ಗಳನ್ನೆಲ್ಲ ಮತ್ತೆ ಓದಿದೆ. ಒಂದು ಕಡೆ, ಬೇರೇನೋ ಹೇಳುವಾಗ, "ಮುತ್ತಜ್ಜನ ತಮ್ಮನೂ ಸೇನೆಯಲ್ಲಿದ್ದರಂತೆ, ವಾಪಸ್ ಬಂದರಂತೆ" ಅಂತ ಬರೆದಿದ್ದಾರೆ. ಕಣ್ಣು ಹೋಲುವುದಕ್ಕೆ ಅದು ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಈಗಲೇ ಏನೂ ಹೇಳುವುದಿಲ್ಲ.

ಹಿಂದಿನ ಪರದೆಯೂ ಒಂದು ದಾರಿ. ಫ್ರಾನ್ಸಿನ ವಿನ್ಯಕೂರ್ ಎಂಬ ಹಳ್ಳಿಯಲ್ಲಿ ತುಯಿಲಿಯೇ ದಂಪತಿ ಇಂಥದ್ದೇ ಒಂದು ಪರದೆಯ ಮುಂದೆ ಸಾವಿರಾರು ಸಿಪಾಯಿಗಳ ಫೋಟೋ ತೆಗೆದಿದ್ದರು. ಆ ಗಾಜಿನ ಪ್ಲೇಟುಗಳು 2011ರಲ್ಲಿ ಮನೆಯ ಅಟ್ಟದಲ್ಲಿ ಸಿಕ್ಕವು. ಒಂದೇ ಪರದೆ ಇರುವ ಫೋಟೋಗಳನ್ನು ಒಟ್ಟಿಗೆ ಇಟ್ಟರೆ ಊರು ಗೊತ್ತಾಗುತ್ತದೆ. ನಮ್ಮದು ಆ ಪರದೆ ಅಲ್ಲ, ನೋಡಿಯಾಯಿತು.

ಸಂಜೆ ಉತ್ತರ ಬರೆದೆ. ಪಟ್ಟಿಗಳ ಭಾಗವನ್ನು ದೊಡ್ಡದು ಮಾಡಿ, ಬಾಣ ಹಾಕಿ ಕಳಿಸಿದೆ. ಅಲ್ಲ ಅನ್ನುವುದಾದರೆ ಕಾರಣ ಕಣ್ಣಿಗೆ ಕಾಣಬೇಕು. ಎರಡು ವಿಷಯ ಕೇಳಿದ್ದೇನೆ. ಕಾರ್ಡಿನ ಹಿಂಬದಿಯ ಸ್ಕ್ಯಾನ್, ಖಾಲಿ ಇದ್ದರೂ ಪರವಾಗಿಲ್ಲ. ಸ್ಟುಡಿಯೋ ಮುದ್ರೆ ಒಮ್ಮೊಮ್ಮೆ ಮಸುಕಾಗಿ ಉಳಿದಿರುತ್ತದೆ. ಇನ್ನೊಂದು, 1918ರಲ್ಲಿ ಆ ತಮ್ಮನ ಮನೆ ಯಾವ ಬೀದಿಯಲ್ಲಿತ್ತು ಅನ್ನೋದು. ಆ ವರ್ಷ ಊರಲ್ಲಿಲ್ಲದ ಮತದಾರರ ಪಟ್ಟಿ ಮಾಡಿದಾಗ ಮನೆ ವಿಳಾಸದ ಪಕ್ಕದಲ್ಲೇ ಸಿಪಾಯಿಯ ನಂಬರು, ಪಡೆ ಎಲ್ಲ ಬರೆದಿದ್ದರು. ಆ ಊರಿನ ಪಟ್ಟಿ ಉಳಿದಿದ್ದರೆ ಅರ್ಧ ಗಂಟೆಯ ಕೆಲಸ.